ಲಹ್ಮರ್ ಹಳ್ಳದ ಗೆರೆ

ಸ್ಫಾಕ್ಸ್, 6 ಮಾರ್ಚ್ 2022

ಸೀ ದಾವ್ ಅವರಿಗೆ,

ಅಸ್ಸಲಾಮು ಅಲೈಕುಂ. ನಾವೆಲ್ಲ ಸೇರಿ ಬಿಡಿಸುವ ನಕ್ಷೆಯ ಜಾಲತಾಣದ ಅಂಚೆಪೆಟ್ಟಿಗೆಯಲ್ಲಿ ನನ್ನ ಹೆಸರು ಕಂಡು ನೀವು ಹುಬ್ಬೇರಿಸಿರಬಹುದು. ಎರಡು ವರ್ಷದ ಮೇಲಾಯಿತು, ನಾನು ನಿಮಗೆ ಒಂದಕ್ಷರ ಬರೆದಿಲ್ಲ. ಈಗ ಬರೆಯುತ್ತಿರುವುದೂ ಪದ್ಧತಿಗಾಗಿ. ಹೊಸ ನಿಯಮ ಮಂಡಿಸುವವರು, ಅದು ಯಾರ ಕೆಲಸಕ್ಕೆ ಹೆಚ್ಚು ತಟ್ಟುತ್ತದೋ ಅವರಿಗೆ ಮೊದಲೇ ತಿಳಿಸಬೇಕೆಂದು ಗಾಬಿಸ್ ಊರಿನ ನಕ್ಷೆ ಶಿಬಿರದಲ್ಲಿ ನಾವೇ ಒಪ್ಪಿಕೊಂಡಿದ್ದೆವು. ಅವತ್ತು ಕೈ ಎತ್ತಿದವರಲ್ಲಿ ನೀವೂ ಇದ್ದಿರಿ.

ನಿಯಮ ಇಷ್ಟೆ. ಒಣ ಹಳ್ಳದ ಪಾತ್ರವನ್ನು ನಕ್ಷೆಯಲ್ಲಿ ಹಳ್ಳವೆಂದೇ ತೋರಿಸಬೇಕು. ಅದರ ಮೇಲೆ ರಸ್ತೆಯ ಗೆರೆ ಎಳೆಯಬಾರದು, ಈಗಾಗಲೇ ಇರುವವನ್ನು ಅಳಿಸಬೇಕು. ದೇಶದಲ್ಲಿ ಅಂಥ ಗೆರೆಗಳು ಇನ್ನೂರ ಹನ್ನೆರಡು. ಅವುಗಳಲ್ಲಿ ಮೂವತ್ತೊಂದು ನಿಮ್ಮವು. ತಿಂಗಳ ಕೊನೆಯವರೆಗೆ ಚರ್ಚೆ, ಆಮೇಲೆ ಎರಡು ವಾರ ಮತದಾನ, ಮುಕ್ಕಾಲು ಪಾಲು ಬಿದ್ದರೆ ನಿಯಮ.

ಕಾರಣವನ್ನು ಚರ್ಚೆಯ ಪುಟದಲ್ಲಿ ಮುಚ್ಚಿಟ್ಟಿಲ್ಲ. ನನ್ನ ತಮ್ಮ ಲಮ್ಜದ್ 2019ರ ನವೆಂಬರಿನಲ್ಲಿ ಎಣ್ಣೆಗಾಣ ರಿಪೇರಿಗೆಂದು ನಿಮ್ಮ ಊರ ಕಡೆ ಹೊರಟ. ಫೋನ್ ತೋರಿಸಿದ ದಾರಿ ಹಿಡಿದು ಲಹ್ಮರ್ ಹಳ್ಳಕ್ಕೆ ಇಳಿದ. ತಲೆಯ ಮೇಲೆ ಬಿಸಿಲಿತ್ತಂತೆ, ನೀರು ಬೆಟ್ಟದಾಚೆಯಿಂದ ಬಂತು. ಹಳ್ಳವನ್ನು ರಸ್ತೆ ಎಂದು ಕರೆಯುವ ನಕ್ಷೆಗೆ ಇನ್ನು ನಾನು ಕೈ ಹಾಕಲಾರೆ.

ನಿಮ್ಮ ಅಭಿಪ್ರಾಯವನ್ನು ಪುಟದಲ್ಲೇ ಬರೆಯಿರಿ.

ಬಹೀಜಾ


ತಮ್ಲೆಸ್ತ್, 10 ಮಾರ್ಚ್

ಲಲ್ಲಾ ಬಹೀಜಾ ಅವರಿಗೆ,

ವಅಲೈಕುಂ ಸಲಾಂ. ನಿಮ್ಮ ಹೆಸರು ಕಂಡು ಹುಬ್ಬೇರಿಸಲಿಲ್ಲ, ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡೆ. ಬರೆದಿರಲ್ಲ, ಅಷ್ಟು ಸಾಕು ನನಗೆ. ಬೈದಿದ್ದರೂ ಸಾಕಾಗುತ್ತಿತ್ತು.

ನಿಮ್ಮ ನಿಯಮವನ್ನು ಕಾಫಿ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಓದಬಾರದಿತ್ತು. ಕ್ಷೌರದ ಮಸ್ಊದ್ ಕತ್ತರಿ ಹಿಡಿದೇ ಎದ್ದುಬಂದ. "ಹಳ್ಳ ಅಂತೆ ಹಳ್ಳ! ಹಂಗಾದ್ರೆ ಈ ದಾವ್ ಇಪ್ಪತ್ತಾರು ವರ್ಷದಿಂದ ನಮ್ಮನ್ನ ತತಾವೀನಿಗೆ ಕರ್ಕೊಂಡು ಹೋಗ್ತಿರೋದು ಏನು, ದೋಣಿನಾ?" ಮುದುಕಿ ಮ್ಬಾರ್ಕಾ ಹೊರಗಿನಿಂದಲೇ ಸೇರಿಸಿದಳು: "ಸ್ಫಾಕ್ಸಿನೋರು ಮೀನು ತಿನ್ನೋರು ಕಣ್ರೋ. ಅವರಿಗೆ ಎಲ್ಲಿ ತಗ್ಗು ಕಂಡ್ರೂ ಅಲ್ಲಿ ನೀರೇ ಕಾಣುತ್ತೆ." ಎಲ್ಲರೂ ನಕ್ಕರು. ನಿಮ್ಮ ತಮ್ಮನ ಸುದ್ದಿ ಅವರಿಗೂ ಗೊತ್ತು. ಅದು ನೆನಪಾದದ್ದೇ ಒಬ್ಬೊಬ್ಬರಾಗಿ ಎದ್ದು ಹೋದರು.

ಈಗ ನನ್ನ ಮಾತು. ನಮ್ಮೂರಿಗೆ ಬೇರೆ ರಸ್ತೆ ಇಲ್ಲ. ಮೇಲಿನ ದಾರಿ ಕತ್ತೆಗೆ ಆದೀತು, ಗಾಡಿಗೆ ಆಗದು. ವರ್ಷದಲ್ಲಿ ನಾಲ್ಕೈದು ದಿನ ಹಳ್ಳ ಬರುತ್ತದೆ, ಮಿಕ್ಕ ದಿನವೆಲ್ಲ ಮದುವೆ ದಿಬ್ಬಣ, ಹೆಣ, ಕುರಿ, ನನ್ನ ಟ್ಯಾಕ್ಸಿ ಎಲ್ಲವೂ ಹೋಗುವುದು ಅದರೊಳಗೇ. ಬೇಸಿಗೆಗೆ ಮುಂಚೆಯೇ ಮಳೆನೀರಿನ ತೊಟ್ಟಿಗಳ ತಳ ಕಾಣುತ್ತದೆ. ಆಗ ಕುಡಿಯುವ ನೀರು ಬರುವುದು ತತಾವೀನ್ ಪಟ್ಟಣದಿಂದ, ಟ್ಯಾಂಕರಿನಲ್ಲಿ. ಅದರ ಚಾಲಕರು ತಿಂಗಳಿಗೊಬ್ಬರು ಬದಲಾಗುತ್ತಾರೆ. ಹೆತ್ತ ತಾಯಿ ಹೇಳಿದ ದಾರಿಯನ್ನೂ ನಂಬದವರು ಫೋನ್ ಹೇಳಿದ್ದನ್ನು ನಂಬುತ್ತಾರೆ. ಗೆರೆ ಅಳಿಸಿದರೆ ಅವರ ಪಾಲಿಗೆ ನಮ್ಮೂರೂ ಅಳಿಸಿತು.

ಮೂವತ್ತು ಗೆರೆ ಅಳಿಸಿ, ನಾನು ಕೇಳುವುದಿಲ್ಲ. ಲಹ್ಮರ್ ಹಳ್ಳದ್ದೊಂದು ಬಿಡಿ.

ದಾವ್


ಸ್ಫಾಕ್ಸ್, 15 ಮಾರ್ಚ್

ಸೀ ದಾವ್ ಅವರಿಗೆ,

ಒಂದೊಂದು ಊರಿಗೆ ಒಂದೊಂದು ವಿನಾಯಿತಿ ಕೊಡುತ್ತ ಹೋದರೆ ಅದು ನಿಯಮವಲ್ಲ, ಶಿಫಾರಸು ಪತ್ರ. ನಕ್ಷೆ ಓದುವ ಯಂತ್ರಕ್ಕೆ ನಮ್ಮ ಕಷ್ಟಸುಖ ತಿಳಿಯದು. ಅದಕ್ಕೆ ತಿಳಿಯುವುದು, ಇದು ಇಂಥದ್ದು ಎಂದು ನಾವು ಪ್ರತಿ ಗೆರೆಗೂ ಅಂಟಿಸುವ ಚೀಟಿಗಳು ಮಾತ್ರ. ಒಂದು ವಸ್ತುವಿಗೆ ಒಂದು ಚೀಟಿ. ಹಳ್ಳವಾದರೆ ಹಳ್ಳ, ರಸ್ತೆಯಾದರೆ ರಸ್ತೆ. ಮಕ್ಕಳಿಗೆ ಲೆಕ್ಕ ಕಲಿಸುವಾಗಲೂ ನಾನು ಹೇಳುವುದು ಇದನ್ನೇ.

ಚರ್ಚೆಯ ಪುಟವನ್ನು ನೀವು ನೋಡುತ್ತಿದ್ದೀರೋ ಇಲ್ಲವೋ. ಬಿಜೆರ್ತಿನ ಒಬ್ಬರು ಲಹ್ಮರ್ ಹಳ್ಳದ ಗೆರೆಯ ಇತಿಹಾಸ ತೆಗೆದು, ಅದನ್ನು ಎಳೆದವರು ಯಾರೆಂದು ಹೆಸರು ಹಾಕಿದ್ದಾರೆ. ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಉತ್ತರಗಳು. ಕೆಲವು ಮಾತುಗಳು ತೀರಾ ಕೆಟ್ಟದಾಗಿವೆ. ನಾನು ಅದನ್ನು ಬರೆಸಿದ್ದಲ್ಲ. ತಡೆಯಲೂ ಇಲ್ಲ.

ನೀವು ಹೇಳುವುದಿದ್ದರೆ ಅಲ್ಲಿ ಹೇಳಿ. ಇಲ್ಲಿ ನನಗೆ ಹೇಳಬೇಡಿ.

ಬಹೀಜಾ


ತಮ್ಲೆಸ್ತ್, 27 ಮಾರ್ಚ್

ಲಲ್ಲಾ ಬಹೀಜಾ ಅವರಿಗೆ,

ಆ ಗೆರೆ ಎಳೆದದ್ದು ನಾನೇ. 2018ರಲ್ಲಿ, ಟ್ಯಾಕ್ಸಿಯ ಮುಂದಿನ ಗಾಜಿಗೆ ಫೋನ್ ಸಿಕ್ಕಿಸಿಕೊಂಡು, ಊರಿನಿಂದ ಡಾಂಬರು ರಸ್ತೆಯವರೆಗೆ ಹನ್ನೊಂದು ಕಿಲೋಮೀಟರು. ಅವತ್ತು ಅದೆಷ್ಟು ಹಿಗ್ಗಿದ್ದೆ ಎಂದರೆ, ಸಂಜೆ ಮನೆಯವರಿಗೆಲ್ಲ ತೋರಿಸಿದೆ, ನಮ್ಮೂರೂ ಪ್ರಪಂಚದಲ್ಲಿದೆ ನೋಡಿ ಎಂದು. ನಿಮಗೂ ಫೋನ್ ಮಾಡಿದ್ದೆ. ನೀವೂ ನಕ್ಕಿದ್ದಿರಿ.

ಲಮ್ಜದನ ಮಣ್ಣಿಗೆ ನಾನು ಸ್ಫಾಕ್ಸಿಗೆ ಬಂದಿದ್ದೆ. ನಿಮ್ಮ ಬೀದಿಯ ತಿರುವಿನವರೆಗೆ ಬಂದೆ, ಒಳಗೆ ಬರುವ ಧೈರ್ಯವಾಗಲಿಲ್ಲ. ಗಂಡಸರು ಎತ್ತಿಕೊಂಡು ಹೊರಟಾಗ ಹಿಂದಿನ ಸಾಲಿನಲ್ಲಿ ಸೇರಿಕೊಂಡೆ. ಯಾರೋ ಕೇಳಿದರು, "ನೀವು ಯಾರ ಕಡೆಯವರು?" ನಾನು "ದಾರಿಹೋಕ" ಎಂದೆ.

ಪುಟದಲ್ಲಿ ಏನೂ ಬರೆಯುವುದಿಲ್ಲ. ಬೈಯುವವರು ಬೈಯಲಿ, ನನ್ನ ಚರ್ಮ ದಪ್ಪ. ಇನ್ನೊಂದು ವಾರಕ್ಕೆ ರಮದಾನ್ ಬೇರೆ, ಉಪವಾಸದ ಹೊಟ್ಟೆಯಲ್ಲಿ ಜಗಳ ಕಾಯುವ ವಯಸ್ಸೂ ನನ್ನದಲ್ಲ. ಮತ ಮಾತ್ರ ವಿರುದ್ಧವಾಗಿ ಹಾಕುತ್ತೇನೆ. ಕೋಪದಿಂದಲ್ಲ.

ಒಂದೇ ಮಾತು ಕೇಳಿ ಮುಗಿಸುತ್ತೇನೆ. ಗೆರೆ ಇದ್ದು, ಅದರ ಜೊತೆಗೆ ಒಂದು ಎಚ್ಚರಿಕೆಯ ಚೀಟಿಯೂ ಇದ್ದರೆ ಆಗದೇ?

ದಾವ್


ಸ್ಫಾಕ್ಸ್, 18 ಏಪ್ರಿಲ್

ಸೀ ದಾವ್ ಅವರಿಗೆ,

ಮತದಾನ ಮುಗಿಯಿತು. ಪರವಾಗಿ ಹದಿನಾಲ್ಕು, ವಿರುದ್ಧ ನಾಲ್ಕು. ಮುಕ್ಕಾಲು ಪಾಲಿಗೆ ಹೆಚ್ಚೇ ಬಿದ್ದಿದೆ. ಇವತ್ತು ಮಧ್ಯಾಹ್ನ ಕುಳಿತು ಇನ್ನೂರ ಹನ್ನೆರಡು ಗೆರೆಗಳನ್ನೂ ಅಳಿಸಿದೆ. ನಿಮ್ಮದನ್ನು ಕೊನೆಗೆ ಅಳಿಸಿದೆ.

ನಿಮ್ಮ ಪ್ರಶ್ನೆಗೆ ಉತ್ತರ ಬರೆಯಲು ಮೂರು ಸಲ ಕುಳಿತೆ. ಆಗಲಿಲ್ಲ.

ಮುಂಚಿತವಾಗಿಯೇ ಹಬ್ಬದ ಶುಭಾಶಯ. ಮನೆಯವರಿಗೆಲ್ಲ ತಿಳಿಸಿ.

ಬಹೀಜಾ


ತಮ್ಲೆಸ್ತ್, 12 ಜುಲೈ

ಲಲ್ಲಾ ಬಹೀಜಾ ಅವರಿಗೆ,

ದೂರು ಹೇಳುವುದಕ್ಕೆ ಬರೆಯುತ್ತಿಲ್ಲ. ಆದರೆ ನಿಯಮ ಮಾಡಿದವರಿಗೆ ಅದು ನೆಲದ ಮೇಲೆ ಹೇಗಿದೆ ಎಂದು ತಿಳಿಯಬೇಕಲ್ಲವೇ.

ಈ ತಿಂಗಳ ಟ್ಯಾಂಕರಿನವನು ಹೊಸಬ. ಡಾಂಬರು ಮುಗಿಯುವಲ್ಲಿ ನಿಂತುಬಿಟ್ಟಿದ್ದ. ನಾನು ಎದುರಿನಿಂದ ಹಳ್ಳದೊಳಗೇ ಬರುತ್ತಿದ್ದೆ, ಏಳು ಜನ ಪ್ರಯಾಣಿಕರ ಸಮೇತ. "ಬಾರಪ್ಪಾ, ನನ್ನ ಹಿಂದೆ ಬಾ, ನಾನೇ ತಿರುಗಿಸ್ಕೊಂಡು ಬರ್ತೀನಿ" ಎಂದೆ. ಅವನು ಫೋನ್ ನನ್ನ ಮೂಗಿನ ಕೆಳಗೆ ಹಿಡಿದ. "ಇಲ್ಲಿಂದ ಮುಂದೆ ಏನೂ ಇಲ್ಲ ನೋಡಿ, ಹಾಜ್. ಗಾಡಿ ಹೂತ್ರೆ ಸಾಹೇಬ್ರು ಕೇಳೋದು ನಿಮ್ಮನ್ನಲ್ಲ, ನನ್ನನ್ನ." "ಅಯ್ಯೋ, ನಾನು ಅದರಲ್ಲೇ ಬಂದು ನಿಂಗೆ ಎದುರಿಗೆ ನಿಂತಿಲ್ವೇನೋ?" ಎಂದರೆ, "ನೀವು ಬಂದಿರಬಹುದು, ನಕ್ಷೆಯಲ್ಲಿಲ್ವಲ್ಲ" ಎಂದು ಹಿಂದಕ್ಕೆ ತಿರುಗಿಸಿದ.

ಎರಡನೆಯ ವಾರವೂ ಹಾಗೇ ಆಯಿತು. ಈಗ ನನ್ನ ಟ್ಯಾಕ್ಸಿಯಲ್ಲಿ ಜನಕ್ಕಿಂತ ಕ್ಯಾನುಗಳೇ ಹೆಚ್ಚು. ಕೂತವರ ತೊಡೆಯ ಮೇಲೊಂದು, ಕಾಲ ನಡುವೆ ಒಂದು. ನಲವತ್ತೆರಡು ಮನೆಗೆ ಅದು ಎಲ್ಲಿ ಸಾಲುತ್ತದೆ? ಮ್ಬಾರ್ಕಾ ತನ್ನ ಮೇಕೆಗಳನ್ನು ಮಗಳ ಊರಿಗೆ ಕಳಿಸಿದಳು. ಮಸ್ಊದ್ ಒಣ ಕತ್ತರಿಯಲ್ಲೇ ಕ್ಷೌರ ಮಾಡುತ್ತಿದ್ದಾನೆ. ಎಲ್ಲರ ತಲೆಯೂ ಉಣ್ಣೆ ಕತ್ತರಿಸಿದ ಕುರಿಯಂತಿದೆ.

"ನೀನೇ ಎಳೆದವನು, ಇನ್ನೊಂದು ಸಲ ಎಳೆದುಬಿಡೋ! ಟ್ಯೂನಿಸಿನಿಂದ ಬಂದು ನೋಡೋರ್ಯಾರು?" ಎಂದು ದಿನವೂ ಒಬ್ಬರಲ್ಲ ಒಬ್ಬರು ರೇಗುತ್ತಾರೆ. ಎಳೆಯಲು ಎರಡು ನಿಮಿಷ ಸಾಕು. ಎಳೆಯುವುದಿಲ್ಲ. ಇವತ್ತು ನಾನು ಎಳೆದರೆ ನಾಳೆ ಇನ್ನೊಬ್ಬ ಅಳಿಸುತ್ತಾನೆ, ನಾಡಿದ್ದು ಮತ್ತೆ ನಾನು. ಎಲ್ಲರೂ ಕೂತು ಒಪ್ಪಿದ್ದನ್ನು ನನಗೆ ಹಿಡಿಸಲಿಲ್ಲವೆಂದು ಮುರಿದರೆ ಆ ನಕ್ಷೆ ಯಾರಿಗೂ ಉಪಯೋಗವಿಲ್ಲ. ಇದನ್ನು ನನಗೆ ಕಲಿಸಿದವರು ನೀವೇ. ಕಲಿಸದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈ ವಾರ ಎರಡು ಸಲ ಅನ್ನಿಸಿತು.

ದಾವ್


ಸ್ಫಾಕ್ಸ್, 15 ಆಗಸ್ಟ್

ದಾವ್ ಅಣ್ಣಾ,

ನಾನು ನಿಮ್ಮನ್ನು ಹಾಗೆ ಕರೆದು ಬಹಳ ದಿನವಾಯಿತು. ಈ ಪತ್ರ ಓದಿದ ಮೇಲೆ ಬೇಡವೆನ್ನಿಸಿದರೆ ಹೇಳಿ, ಕರೆಯುವುದಿಲ್ಲ.

ಅಮ್ಮನಿಗೆ ಒಂದು ಅಭ್ಯಾಸವಿದೆ. ಶುಕ್ರವಾರ ಗೋರಿಗೆ ಹೋಗಿ ಬಂದ ಮೇಲೆ ನನ್ನ ಫೋನ್ ಕೇಳುತ್ತಾಳೆ. ಲಮ್ಜದ್ ಹೋದ ದಾರಿಯನ್ನು ತೆಗೆಸಿಕೊಂಡು, ಸ್ಫಾಕ್ಸಿನಿಂದ ಕೊನೆಯವರೆಗೆ ಬೆರಳಾಡಿಸುತ್ತಾಳೆ. ಏಪ್ರಿಲಿನಿಂದ ನಾನು ಫೋನ್ ಕೆಟ್ಟಿದೆ, ಚಾರ್ಜಿಲ್ಲ ಎಂದು ಏನೇನೋ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಮೊನ್ನೆ ತಾನೇ ತೆಗೆದು ನೋಡಿದಳು.

"ದಾರಿ ಎಲ್ಲಿ ಹೋಯ್ತೇ?"

"ಅದು ದಾರಿ ಅಲ್ಲಮ್ಮಾ, ಹಳ್ಳ. ಅದಕ್ಕೇ ತೆಗೆದೆವು."

ಅಮ್ಮ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟಳು. ಆಮೇಲೆ ಹೇಳಿದಳು: "ಹಾಗಾದ್ರೆ ಬೀದಿಯೋರು ಅನ್ನೋದೇ ಸರಿ. ಬುದ್ಧಿ ಇರೋನು ಯಾರಾದ್ರೂ ಹಳ್ಳಕ್ಕೆ ಗಾಡಿ ಇಳಿಸ್ತಾನಾ ಅಂತಾರೆ. ನನ್ನ ಮಗ ಅಷ್ಟು ದಡ್ಡ ಅಂತ ನೀನೂ ಬರೆದಿಟ್ಟೆ."

ಅಣ್ಣಾ, ನಾನು ಬರೆದಿಟ್ಟಿದ್ದು ಅದಕ್ಕಿಂತ ಕೆಟ್ಟದ್ದು. ಅದು ನಿಮಗೆ ಗೊತ್ತಿದೆ.

ಲಹ್ಮರ್ ಹಳ್ಳದ ಗೆರೆಯ ಮೊದಲ ಆವೃತ್ತಿ ನಿಮ್ಮದು. ಅದರಲ್ಲಿ ರಸ್ತೆ ಎಂಬ ಚೀಟಿಯ ಕೆಳಗೆ ನೀವೇ ಕಟ್ಟಿದ ಇನ್ನೊಂದು ಚೀಟಿ ಇತ್ತು: "ಹಳ್ಳ ಬರುತ್ತದೆ: ಹೌದು. ಊರವರನ್ನು ಕೇಳಿ ಇಳಿಯಿರಿ." 2019ರ ಮಾರ್ಚಿನಲ್ಲಿ ನಾನು ದೇಶದ ನಕ್ಷೆಯನ್ನು ಶುದ್ಧಮಾಡಲು ಕುಳಿತೆ. ಎಲ್ಲರೂ ಒಪ್ಪಿದ ಪಟ್ಟಿಯಲ್ಲಿಲ್ಲದ, ಒಬ್ಬೊಬ್ಬರೇ ಮನಸ್ಸಿಗೆ ಬಂದಂತೆ ಹುಟ್ಟಿಸಿದ ಚೀಟಿಗಳನ್ನೆಲ್ಲ ಸೋಸಿ ಒಂದೇ ಏಟಿಗೆ ಕಿತ್ತೆ. ಸಾವಿರದ ನೂರಕ್ಕೂ ಹೆಚ್ಚು. ಒಂದನ್ನೂ ತೆರೆದು ಓದಲಿಲ್ಲ, ಯಾರನ್ನೂ ಕೇಳಲಿಲ್ಲ. ಎರಡನೆಯ ಆವೃತ್ತಿಯಲ್ಲಿರುವುದು ನನ್ನ ಹೆಸರು. ಎಂಟು ತಿಂಗಳ ಮೇಲೆ ಲಮ್ಜದ್ ಅಲ್ಲಿಗೆ ಹೋದ.

ಇದು ನನಗೆ ತಿಳಿದದ್ದು ಅವನ ಏಳನೆಯ ದಿನ. ಅವತ್ತಿನಿಂದ ನಿಮಗೆ ಬರೆಯುವುದನ್ನು ನಿಲ್ಲಿಸಿದೆ. ತಪ್ಪು ನಿಮ್ಮದೆಂದು ನಾನು ಸಿಟ್ಟಾಗಿದ್ದೇನೆ ಎಂದು ಜನ ತಿಳಿದುಕೊಂಡರು. ನಾನು ಅಲ್ಲವೆನ್ನಲಿಲ್ಲ. ಪುಟದಲ್ಲಿ ನಿಮ್ಮನ್ನು ಬೈದವರು ಮೊದಲ ಆವೃತ್ತಿ ಎಳೆದವರು ಯಾರೆಂದು ನೋಡಿದರು, ಎರಡನೆಯದನ್ನು ಯಾರೂ ತೆರೆಯಲಿಲ್ಲ. ಆದರೆ ನಿಮ್ಮ ಗೆರೆಯನ್ನು ಯಾರು ಮುಟ್ಟಿದರೂ ನಿಮಗೆ ಸೂಚನೆ ಹೋಗುತ್ತದೆ. ನಿಮಗೆ ಮೊದಲ ದಿನದಿಂದ ಗೊತ್ತಿತ್ತು. ಒಂದು ಸಾಲು ಬರೆದಿದ್ದರೆ ಮತವೆಲ್ಲ ತಿರುಗುತ್ತಿತ್ತು, ನಿಮ್ಮೂರಿಗೆ ನೀರು ಬರುತ್ತಿತ್ತು. ಯಾಕೆ ಬರೆಯಲಿಲ್ಲ?

ಬಹೀಜಾ


ತಮ್ಲೆಸ್ತ್, 23 ಆಗಸ್ಟ್

ತಂಗೀ ಬಹೀಜಾ,

ಅಣ್ಣ ಎಂದು ಕರೆದೆ, ಇನ್ನು ಬಹುವಚನ ಬಿಟ್ಟೆ.

ಯಾಕೆ ಬರೆಯಲಿಲ್ಲವೆಂದರೆ, ನನ್ನ ಕೈಯಿಂದ ಹೋಗುತ್ತಿದ್ದದ್ದು ಒಂದು ರಸ್ತೆ. ನಿನ್ನ ಕೈಯಿಂದ ಹೋದದ್ದು ತಮ್ಮ. ಅವನ ಅಕ್ಕನೇ ಚೀಟಿ ಕಿತ್ತವಳು ಎಂದು ಊರೆಲ್ಲ ಓದುವ ಪುಟದಲ್ಲಿ ಬರೆದು ನಾನು ನೀರು ಕುಡಿಯಬೇಕಿತ್ತೇ? ಜುಲೈನಲ್ಲಿ ಒಂದು ದಿನ ಬರೆಯಲು ಕುಳಿತೆ, ಸುಳ್ಳು ಹೇಳುವುದಿಲ್ಲ. ಪಕ್ಕದ ಮನೆಯ ಕೂಸು ಬಾಯಾರಿ ಅಳುತ್ತಿತ್ತು, ನಿನ್ನ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಬರೆದು, ಓದಿ, ಅಳಿಸಿ, ನಿನಗೆ ಆ ಟ್ಯಾಂಕರಿನ ಪತ್ರ ಬರೆದೆ.

ಇನ್ನು ನನ್ನ ತಪ್ಪು ಕೇಳು. ಆ ಚೀಟಿ ಕೀಳದೇ ಇದ್ದಿದ್ದರೂ ಲಮ್ಜದನ ಫೋನ್ ಅದನ್ನು ತೋರಿಸುತ್ತಿರಲಿಲ್ಲ. ನಾನೊಬ್ಬನೇ ಹುಟ್ಟಿಸಿದ ಚೀಟಿಯನ್ನು ಯಾವ ಯಂತ್ರ ಓದುತ್ತದೆ? ಒಬ್ಬನೇ ಆಡಿ ಒಬ್ಬನೇ ಕೇಳಿಸಿಕೊಂಡ ಮಾತು ಅದು. ಗಾಬಿಸ್ ಶಿಬಿರದಲ್ಲಿ ಎಲ್ಲರ ಮುಂದಿಟ್ಟು, ಇದಕ್ಕೊಂದು ಹೆಸರು ಒಪ್ಪಿಕೊಳ್ಳೋಣ ಎಂದು ಕೇಳಬಹುದಿತ್ತು. ಇಂಗ್ಲಿಷು, ಫ್ರೆಂಚು ಬಲ್ಲವರ ನಡುವೆ ಟ್ಯಾಕ್ಸಿಯವನು ಏನು ಬಾಯಿ ಬಿಡುವುದೆಂದು ನಾಚಿ, ಮನೆಗೆ ಬಂದು ಕದ್ದು ಅಂಟಿಸಿದೆ. ನೀನು ಕೇಳದೆ ಕಿತ್ತೆ, ನಾನು ಕೇಳದೆ ಅಂಟಿಸಿದೆ.

ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಚೀಟಿಯನ್ನು ಎಲ್ಲರೂ ಒಪ್ಪಿದ ಚೀಟಿ ಮಾಡಬೇಕು, ಅದಕ್ಕೆ ಹೇಳುತ್ತಿದ್ದೇನೆ. ನಿನ್ನ ಹೆಸರು ಬರೆಯಬೇಡ. ನಿಯಮ ತಿದ್ದೋಣ ಎಂದಷ್ಟೇ ಬರಿ, ಸಾಕು.

ನಿನ್ನ ಅಣ್ಣ, ದಾವ್


ಸ್ಫಾಕ್ಸ್, 21 ಅಕ್ಟೋಬರ್

ದಾವ್ ಅಣ್ಣಾ,

ನೀನು ಬೇಡವೆಂದದ್ದನ್ನು ಮಾಡಿದೆ. ಸೆಪ್ಟೆಂಬರಿನಲ್ಲಿ ಪುಟದಲ್ಲಿ ಎರಡೂ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು, ಹೆಸರು ಹಾಕಿ ಬರೆದೆ. ಮೂರು ದಿನ ಯಾರೂ ಏನೂ ಬರೆಯಲಿಲ್ಲ. ಆ ಮೂರು ದಿನ ಶಾಲೆಯಲ್ಲಿ ಹಲಗೆಯ ಮೇಲೆ ಏನು ಬರೆದೆನೋ ನನಗೆ ನೆನಪಿಲ್ಲ. ನಾಲ್ಕನೆಯ ದಿನ ಬಿಜೆರ್ತಿನವರೇ ಮೊದಲು ಬರೆದರು, ನಿನ್ನಲ್ಲಿ ಕ್ಷಮೆ ಕೇಳಿ.

ಅಮ್ಮನಿಗೂ ಹೇಳಿದೆ. ಒಂಬತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಹತ್ತನೆಯ ದಿನ ನನ್ನ ತಟ್ಟೆಗೂ ಅನ್ನ ಹಾಕಿದಳು.

ಹೊಸ ನಿಯಮಕ್ಕೆ ಹತ್ತೊಂಬತ್ತು ಮತ, ವಿರುದ್ಧ ಯಾರೂ ಇಲ್ಲ. ಹಳ್ಳದ ದಾರಿಗೆ ಇನ್ನು ಎರಡು ಚೀಟಿ: ಹಳ್ಳವೂ ಹೌದು, ರಸ್ತೆಯೂ ಹೌದು. ಮೂರನೆಯದು ನಿನ್ನ ಎಚ್ಚರಿಕೆ. ನಾನು "ಒಣಗಿದ್ದಾಗ ಮಾತ್ರ" ಎಂದು ಬರೆದಿದ್ದೆ. ನೀನು ಚರ್ಚೆಗೆ ಬಂದು "ಒಣಗಿದ್ದಾಗಲೇ ಅಲ್ಲವೇ ಅದು ಕೊಲ್ಲುವುದು? ಬೆಟ್ಟದಾಚೆಯ ಮಳೆಯನ್ನು ಊರವರು ಬಲ್ಲರು, ಅವರನ್ನು ಕೇಳಿ ಎಂದೇ ಇರಲಿ" ಎಂದು ಹಿಡಿದ ಪಟ್ಟು ಬಿಡದೇ ಇದ್ದದ್ದು ಒಳ್ಳೆಯದಾಯಿತು. ದಾರಿ ತೋರುವ ತಂತ್ರಾಂಶ ಬರೆಯುವ ಇಬ್ಬರು ಅದನ್ನು ಪರದೆಯಲ್ಲಿ ಕೆಂಪಕ್ಷರದಲ್ಲಿ ತೋರಿಸಲು ಒಪ್ಪಿದ್ದಾರೆ.

ಇನ್ನೂರ ಹನ್ನೊಂದು ಗೆರೆಗಳನ್ನು ವಾಪಸು ತಂದೆ. ಒಂದು ಉಳಿದಿದೆ. ಅದಕ್ಕೆ ಕೈ ಹೋಗುತ್ತಿಲ್ಲ. ನೀನೇ ಎಳೆ.

ಬಹೀಜಾ


ತಮ್ಲೆಸ್ತ್, 24 ಅಕ್ಟೋಬರ್

ತಂಗೀ,

ಎಳೆಯುವುದಿಲ್ಲ. ನೀನು ಆ ಹಳ್ಳವನ್ನು ಇದುವರೆಗೆ ಉಪಗ್ರಹದ ಚಿತ್ರದಲ್ಲಿ ಮಾತ್ರ ನೋಡಿದ್ದೀಯೆ. ಬಂದು, ಕಣ್ಣಿಂದ ನೋಡಿ, ನೀನೇ ಎಳೆ. ನಿನ್ನ ಅಮ್ಮ, ಹಾಜ್ಜಾ, ಬರುತ್ತೇನೆಂದರೆ ಕರೆದುಕೊಂಡು ಬಾ. ಟ್ಯಾಕ್ಸಿಯ ಮುಂದಿನ ಸೀಟು ಅವರಿಗೆ. ಬೆಟ್ಟದಾಚೆ ಮೋಡವಿದ್ದರೆ ಮಾತ್ರ ತತಾವೀನಿನಲ್ಲೇ ಕೂರಿಸುತ್ತೇನೆ, ಎಷ್ಟು ದಿನವಾದರೂ ಸರಿ.

ಬೇಗ ಬನ್ನಿ. ಇನ್ನೂ ಕ್ಯಾನು ಹೊರುತ್ತಿದ್ದೇವೆ.

ದಾವ್


ಸ್ಫಾಕ್ಸ್, 17 ನವೆಂಬರ್

ದಾವ್ ಅಣ್ಣಾ,

ಸುಖವಾಗಿ ಮನೆ ಸೇರಿದೆವು. ನಿನ್ನ ಹೆಂಡತಿ ಕಟ್ಟಿಕೊಟ್ಟ ಅಂಜೂರವನ್ನು ಅಮ್ಮ ಯಾರಿಗೂ ಕೊಡದೆ ಒಳಗಿಟ್ಟಿದ್ದಾಳೆ. ಟ್ಯಾಂಕರ್ ಬಂತೆಂದು ನೀನು ಕಳಿಸಿದ ಚಿತ್ರ ನೋಡಿದೆ. ಮಸ್ಊದ್ ತಲೆಯ ಮೇಲೆ ನೀರು ಸುರಿದುಕೊಂಡು ನಿಂತಿದ್ದಾನಲ್ಲ, ಅಮ್ಮ ಅದನ್ನು ನೋಡಿ ನಕ್ಕಳು.

ನಿನಗೆ ಒಂದು ಮಾತು ಹೇಳುವುದು ಉಳಿದಿದೆ. ಆ ಜಾಗದಲ್ಲಿ ನೀನು ಗಾಡಿ ನಿಲ್ಲಿಸಿ, ಟೈರು ನೋಡುವ ನೆಪಮಾಡಿ ದೂರ ಹೋದೆ. ನಾವಿಬ್ಬರೇ ಇಳಿದೆವು. ನಾನು ಅಮ್ಮ ಅಳುತ್ತಾಳೆಂದು ಕಾದೆ. ಅವಳು ಅಳಲಿಲ್ಲ. ಬಗ್ಗಿ ನೆಲ ನೋಡಿದಳು. ಗಾಡಿಯ ಚಕ್ರದ ಜಾಡು ಎರಡೂ ಕಡೆ ಗಟ್ಟಿಯಾಗಿ ಕೂತಿತ್ತು. ಅಷ್ಟರಲ್ಲಿ ಎದುರಿನಿಂದ ಆಲಿವ್ ಮೂಟೆ ಹೇರಿದ ಗಾಡಿಯೊಂದು ಬಂತು, ಅದರ ಹಿಂದೆ ಮೋಟಾರ್ ಸೈಕಲ್ಲಿನಲ್ಲಿ ಗಂಡಹೆಂಡತಿ. ಎಲ್ಲರೂ ಅಮ್ಮನಿಗೆ ಸಲಾಂ ಹೇಳಿ ಹೋದರು.

ಅಮ್ಮ ಅವರು ಮರೆಯಾಗುವವರೆಗೆ ನೋಡಿದಳು. ಆಮೇಲೆ ನನ್ನ ತೋಳು ಹಿಡಿದುಕೊಂಡು, "ರಸ್ತೆನೇ ಕಣೇ ಇದು" ಎಂದಳು. "ನನ್ನ ಮಗ ಎಲ್ಲರಂಗೆ ರಸ್ತೆಯಲ್ಲೇ ಹೋಗ್ತಿದ್ದ."

ನಾನು ಅಲ್ಲೇ ನಿಂತು ಗೆರೆ ಎಳೆದೆ.

ನಿನ್ನ ತಂಗಿ, ಬಹೀಜಾ